ಸ್ಟಾಪ್‌ವಾಚ್ ಹೇಳದ್ದನ್ನು ಸೆನ್ಸರ್ ಹೇಳಿತು

200 ಮೀಟರ್ ಫ್ರೀಸ್ಟೈಲ್‌ನಲ್ಲಿ ಕೊನೆಯ 50 ಮೀಟರ್ ಬಂತೆಂದರೆ ಅಕ್ಕಪಕ್ಕದ ಲೇನಿನವರೆಲ್ಲ ನನ್ನನ್ನು ಹಿಂದೆ ಹಾಕುತ್ತಿದ್ದರು. ‘ಸ್ಟ್ಯಾಮಿನಾ ಸಾಲದು ಕಣೋ, ಬೆಳಿಗ್ಗೆ ಎದ್ದು ಓಡು’ ಎನ್ನುತ್ತಿದ್ದರು ಕೋಚ್. ಒಂದು ವರ್ಷ ಓಡಿದೆ. ಸಮಯ ಒಂದು ಸೆಕೆಂಡೂ ಇಳಿಯಲಿಲ್ಲ. ವಿಶ್ವವಿದ್ಯಾಲಯ ತಂಡದ ಆಯ್ಕೆಯಲ್ಲಿ ಎರಡನೇ ಸಲವೂ ಹೊರಗುಳಿದೆ. ಈಜೇ ಬಿಟ್ಟುಬಿಡೋಣ ಅನ್ನಿಸಿತ್ತು.

ಅದೇ ಹೊತ್ತಿಗೆ ಎಂಜಿನಿಯರಿಂಗ್ ಆರನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ಬಂತು. ಸ್ಮಾರ್ಟ್‌ವಾಚಿನಲ್ಲಿ ಇರುವಂಥದ್ದೇ ಒಂದು ಪುಟ್ಟ ಸೆನ್ಸರನ್ನು ಸೊಂಟದ ಹಿಂಭಾಗಕ್ಕೆ ಕಟ್ಟಿಕೊಂಡು ಈಜುವುದೆಂದು ಗೆಳೆಯನೂ ನಾನೂ ತೀರ್ಮಾನಿಸಿದೆವು. ಅದರಲ್ಲಿರುವ ಅಕ್ಸೆಲೆರೊಮೀಟರ್ ವೇಗದ ಏರಿಳಿತವನ್ನು ಗುರುತಿಸಿದರೆ, ಜೈರೊಸ್ಕೋಪ್ ದೇಹ ಹೊರಳುವುದನ್ನು ಗುರುತಿಸುತ್ತದೆ. ಫ್ರೀಸ್ಟೈಲ್‌ನಲ್ಲಿ ಪ್ರತಿ ಸ್ಟ್ರೋಕಿಗೂ ಸೊಂಟ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತದಲ್ಲ, ಅದನ್ನು ಎಣಿಸಿದರೆ ಸ್ಟ್ರೋಕಿನ ಲೆಕ್ಕ ಸಿಕ್ಕಂತೆಯೇ. ಗೋಡೆಗೆ ಒದ್ದು ತಿರುಗಿದ ಕ್ಷಣ ಗ್ರಾಫಿನಲ್ಲಿ ಚೂಪಾಗಿ ಮೇಲೇಳುತ್ತದೆ.

ಮೊದಲ ದಿನವೇ ಕವರಿನೊಳಗೆ ನೀರು ನುಗ್ಗಿ ಸೆನ್ಸರ್ ಸತ್ತಿತು. ಎರಡನೆಯದು ನೀರಿಗಿಳಿಯುತ್ತಲೇ ಬ್ಲೂಟೂತ್ ಸಂಪರ್ಕ ಕಳೆದುಕೊಂಡಿತು. ನೀರು ರೇಡಿಯೊ ತರಂಗಗಳನ್ನು ಹೀರಿಕೊಳ್ಳುತ್ತದೆ ಎಂದು ಪುಸ್ತಕದಲ್ಲಿ ಓದಿದ್ದು ಆಗ ಅರ್ಥವಾಯಿತು! ಕೊನೆಗೆ ಮೆಮೊರಿ ಕಾರ್ಡಿನಲ್ಲಿ ದಾಖಲಿಸಿ, ಮೇಲೆ ಬಂದ ಮೇಲೆ ಲ್ಯಾಪ್‌ಟಾಪಿಗೆ ಹಾಕಿಕೊಂಡೆವು.

ಮೊದಲ 50 ಮೀಟರಿಗೆ 34 ಸೆಕೆಂಡ್, 40 ಸ್ಟ್ರೋಕ್. ಕೊನೆಯದಕ್ಕೆ 41 ಸೆಕೆಂಡ್, 48 ಸ್ಟ್ರೋಕ್. ಭಾಗಿಸಿ ನೋಡಿದೆ. ಕೈ ಬೀಸುವ ವೇಗ ಹೆಚ್ಚುಕಡಿಮೆ ಅಷ್ಟೇ ಇತ್ತು! ಆದರೆ ಒಂದು ಸ್ಟ್ರೋಕಿಗೆ ಸಾಗುತ್ತಿದ್ದ ದೂರ 1.25 ಮೀಟರಿನಿಂದ 1.04 ಮೀಟರಿಗೆ ಕುಸಿದಿತ್ತು. ಅಂದರೆ ಕೈ ಸೋತಿರಲಿಲ್ಲ, ನೀರನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಸದಾ ಬಲಕ್ಕೇ ಉಸಿರೆಳೆಯುವ ನಾನು, ದಣಿದಂತೆ ಎಡಕ್ಕೆ ಹೊರಳುವುದನ್ನೇ ಕಡಿಮೆ ಮಾಡುತ್ತಿದ್ದೆ ಎಂಬುದೂ ಗ್ರಾಫಿನಲ್ಲಿತ್ತು.

ಅದನ್ನು ನೋಡಿದ ಕೋಚ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಮೂರು ಸ್ಟ್ರೋಕಿಗೊಮ್ಮೆ ಉಸಿರು ತಗೋ, ಎರಡೂ ಕಡೆ ಹೊರಳ್ತೀಯ’ ಎಂದರು. ತಪ್ಪು ಎಲ್ಲಿದೆ ಎಂದು ಸೆನ್ಸರ್ ತೋರಿಸಿತು. ತಿದ್ದುವ ದಾರಿ ಹೇಳಿದ್ದು ಮಾತ್ರ ಅವರೇ.

ಎರಡು ತಿಂಗಳ ಬಳಿಕ ಕೊನೆಯ 50 ಮೀಟರ್ 38 ಸೆಕೆಂಡಿಗೆ ಇಳಿದಿದೆ. ತಂಡಕ್ಕೆ ಇದೂ ಸಾಲದಿರಬಹುದು. ಆದರೆ ಎಲೆಕ್ಟ್ರಾನಿಕ್ಸ್, ಕೋಡಿಂಗ್, ಆಟ ಮೂರೂ ಸೇರುವ ಇಂಥ ಕೆಲಸವನ್ನೇ ಮುಂದೆ ಹುಡುಕಬೇಕೆಂದು ನಿರ್ಧರಿಸಿದ್ದೇನೆ. ‘ನಿನ್ನಿಂದಾಗದು’ ಎಂದು ಯಾರಾದರೂ ಹೇಳಿದರೆ ಈಗ ಕುಗ್ಗುವುದಿಲ್ಲ. ಎಲ್ಲಿ ಆಗುತ್ತಿಲ್ಲ ಎಂದು ಮೊದಲು ಅಳೆದು ನೋಡುತ್ತೇನೆ.