ಚೀಟಿಯಲ್ಲಿ ಬರೆಯದೇ ಉಳಿದದ್ದು

ಸಾಕಿದ ನಾಯಿ ಮೈ ಕೆರೆದುಕೊಳ್ಳತೊಡಗಿದರೆ, ಬಂದವರ ಮೇಲೆಲ್ಲ ಎಗರಿದರೆ, ಮೊದಲ ಅನುಮಾನ ಅಂಗಡಿಯಿಂದ ತಂದ ಡಾಗ್ ಫುಡ್ ಮೇಲೆ ಬೀಳುವುದು ಈಗ ಮಾಮೂಲು. ಪ್ಯಾಕೆಟ್ಟಿನ ಹಿಂಬದಿಯ ಸಣ್ಣಕ್ಷರಗಳಲ್ಲಿ ಆಹಾರ ಕೆಡದಂತೆ ಹಾಕುವ ಬಿಎಚ್ಎ, ಬಿಎಚ್‌ಟಿ, ಕೃತಕ ಬಣ್ಣ ಎಂದು ಕಂಡರೆ ಸಾಕು, ಅಪರಾಧಿ ಸಿಕ್ಕಿಬಿದ್ದ ಎಂದು ತೀರ್ಮಾನವಾಗಿಬಿಡುತ್ತದೆ. ಈ ಅನುಮಾನಕ್ಕೆ ಬುಡವೇ ಇಲ್ಲ ಎನ್ನಲಾಗದು. ಆದರೆ ಕಳೆದ ಎರಡು ದಶಕಗಳ ದಾಖಲೆಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಚಿತ್ರ ಬೇರೆಯೇ ಇದೆ. ನಾಯಿಗಳ ಪ್ರಾಣ ತೆಗೆದ ದೊಡ್ಡ ಪ್ರಕರಣಗಳಲ್ಲಿ ವಿಷವಾದದ್ದು ಚೀಟಿಯಲ್ಲಿ ಬರೆದಿದ್ದ ಸೇರ್ಪಡೆಯಲ್ಲ. ಎಲ್ಲೂ ಬರೆಯದೇ ಒಳಗೆ ಸೇರಿಕೊಂಡ ವಸ್ತು, ಇಲ್ಲವೇ ಅಳತೆ ತಪ್ಪಿದ ಪೋಷಕಾಂಶ. ನಾವು ಚೀಟಿ ಓದುವುದು ಒಳ್ಳೆಯದೇ. ಚೀಟಿಯಷ್ಟನ್ನೇ ಓದಿ ನಿಲ್ಲುವುದು ಸಾಲದು.

ಸೇರ್ಪಡೆ ಯಾಕೆ ಬೇಕಾಯಿತು ಎಂಬುದರಿಂದಲೇ ಶುರುಮಾಡೋಣ. ಜೋಳ, ಅಕ್ಕಿ, ಮಾಂಸದ ಪುಡಿಗಳನ್ನು ಕಲಸಿ, ಬಿಸಿ ಮತ್ತು ಒತ್ತಡದಲ್ಲಿ ಅಚ್ಚಿನಿಂದ ಹೊರದಬ್ಬಿ ಒಣ ಕಾಳು ಮಾಡುವ ವಿಧಾನ ಅಮೆರಿಕದಲ್ಲಿ 1950ರ ದಶಕದಲ್ಲಿ ಬಂತು. ಒಣಗಿದ ಕಾಳಿನ ಮೇಲೆ ಕೊನೆಗೆ ಕೊಬ್ಬನ್ನು ಸಿಂಪಡಿಸುತ್ತಾರೆ. ನಾಯಿ ಮೂಗರಳಿಸಿ ಬರುವುದು ಆ ವಾಸನೆಗೆ. ಆದರೆ ತೆಳುವಾಗಿ ಹರಡಿದ ಆ ಕೊಬ್ಬಿಗೆ ಗಾಳಿ ತಾಗುತ್ತಲೇ ಇರುತ್ತದೆ. ಆಮ್ಲಜನಕ ಸೇರಿ ಕೊಬ್ಬು ಒಡೆಯುತ್ತದೆ, ಹಳೆಯ ಎಣ್ಣೆಯಂತೆ ಕಮಟು ಹಿಡಿಯುತ್ತದೆ, ಜೊತೆಗೆ ವಿಟಮಿನ್ ಇ ಮೊದಲಾದವೂ ನಾಶವಾಗುತ್ತವೆ. ಕಾರ್ಖಾನೆಯಿಂದ ಗೋದಾಮಿಗೆ, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ತಿಂಗಳುಗಟ್ಟಲೆ ಸಾಗುವ ಮೂಟೆಯಲ್ಲಿ ಇದನ್ನು ತಡೆಯಲು ಏನಾದರೂ ಹಾಕಲೇಬೇಕು. ಹಾಗಾಗಿ ಕೆಡದಂತೆ ಕಾಯುವ ವಸ್ತುವಿನಿಂದ ನಾಯಿಗೂ ಉಪಯೋಗವಿದೆ. ಅದರ ಅಪಾಯವನ್ನು ತೂಗುವಾಗ ಕಮಟು ಕೊಬ್ಬಿನ ಅಪಾಯವನ್ನೂ ತಕ್ಕಡಿಗೆ ಹಾಕಬೇಕಾಗುತ್ತದೆ.

ಹೀಗೆ ತೂಗಿದಾಗಲೂ ಸೋತ ವಸ್ತುವೊಂದಿದೆ: ಎಥಾಕ್ಸಿಕ್ವಿನ್. ಇದು ರಬ್ಬರಿನ ಕೆಲಸದಿಂದ ಮೇವಿಗೆ ಬಂದದ್ದು. 1980ರ ದಶಕದ ಕೊನೆಯಿಂದ ಅಮೆರಿಕದ ನಾಯಿ ಮಾಲೀಕರು ಇದರ ಮೇಲೆ ದೂರುತ್ತಿದ್ದರು. ತಯಾರಕರೇ ನಾಯಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಯಕೃತ್ತಿನಲ್ಲಿ ಬಣ್ಣದ ಕಣಗಳು ಶೇಖರವಾಗಿದ್ದು, ಯಕೃತ್ತಿನ ಕಿಣ್ವಗಳು ಏರಿದ್ದು ಕಂಡಿತು. 1997ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಎಫ್‌ಡಿಎ, ಹತ್ತು ಲಕ್ಷದಲ್ಲಿ 150 ಭಾಗವಿದ್ದ ಮಿತಿಯನ್ನು ಸ್ವಯಂಪ್ರೇರಣೆಯಿಂದ 75ಕ್ಕೆ ಇಳಿಸಿಕೊಳ್ಳುವಂತೆ ಕಂಪನಿಗಳನ್ನು ಕೇಳಿತು. ಐರೋಪ್ಯ ಒಕ್ಕೂಟ 2017ರಲ್ಲಿ ಇದರ ಅನುಮತಿಯನ್ನೇ ತಡೆಹಿಡಿಯಿತು. ಇಲ್ಲೂ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮೀನಿನ ಪುಡಿ ಹಡಗಿನಲ್ಲಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳದಿರಲೆಂದು ಪುಡಿ ಮಾಡುವವರೇ ಎಥಾಕ್ಸಿಕ್ವಿನ್ ಬೆರೆಸುತ್ತಿದ್ದರು. ಡಾಗ್ ಫುಡ್ ಕಂಪನಿ ತಾನು ಹಾಕಿಲ್ಲವಾದ್ದರಿಂದ ಅದರ ಹೆಸರು ಚೀಟಿಗೆ ಬಾರದೇ ಹೋಗುವುದಿತ್ತು. ಬಿಎಚ್ಎ ಕತೆ ಇಷ್ಟು ನೇರವಲ್ಲ. 1980ರ ದಶಕದಲ್ಲಿ ಇಲಿಗಳಿಗೆ ಭಾರೀ ಪ್ರಮಾಣದಲ್ಲಿ ತಿನ್ನಿಸಿದಾಗ ಹೊಟ್ಟೆಯ ಮುಂಭಾಗದ ಚೀಲದಲ್ಲಿ ಗಡ್ಡೆಗಳಾದವು. ಆ ಚೀಲ ನಾಯಿಗೂ ಇಲ್ಲ, ಮನುಷ್ಯನಿಗೂ ಇಲ್ಲ.

ಈಗ ಚೀಟಿಯ ಹೊರಗಿನದ್ದಕ್ಕೆ ಬರೋಣ. 2007ರ ಮಾರ್ಚ್‌ನಲ್ಲಿ ಉತ್ತರ ಅಮೆರಿಕದಲ್ಲಿ ಆರು ಕೋಟಿಗೂ ಹೆಚ್ಚು ಡಬ್ಬಿ ಮತ್ತು ಪೊಟ್ಟಣಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆಯಬೇಕಾಯಿತು. ನಾಯಿ, ಬೆಕ್ಕುಗಳ ಮೂತ್ರಪಿಂಡಗಳು ಕೈಕೊಡುತ್ತಿದ್ದವು. ಚೀನಾದಿಂದ ಬಂದ, ಗೋಧಿಯ ಪ್ರೋಟೀನಾದ ಗ್ಲುಟೆನ್‌ನಲ್ಲಿ ಮೆಲಮಿನ್ ಸಿಕ್ಕಿತು. ತಟ್ಟೆ ಲೋಟಗಳ ಪ್ಲಾಸ್ಟಿಕ್ಕಿಗೆ ಬಳಸುವ ಈ ರಾಸಾಯನಿಕ ಆಹಾರಕ್ಕೆ ಯಾಕೆ ಬಂತು? ಪ್ರೋಟೀನನ್ನು ಅಳೆಯುವ ಹಳೆಯ ಪರೀಕ್ಷೆ ಪ್ರೋಟೀನನ್ನೇ ಹುಡುಕುವುದಿಲ್ಲ. ಸಾರಜನಕ ಎಷ್ಟಿದೆಯೆಂದು ನೋಡಿ, ಬಂದ ಅಂಕಿಯನ್ನು 6.25ರಿಂದ ಗುಣಿಸುತ್ತದೆ. ಮೆಲಮಿನ್ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಸಾರಜನಕವೇ. ಅಂದರೆ 100 ಗ್ರಾಂ ಮೆಲಮಿನ್ ಈ ಲೆಕ್ಕದಲ್ಲಿ 400 ಗ್ರಾಮಿಗೂ ಹೆಚ್ಚು ಪ್ರೋಟೀನ್ ಎಂದು ತೋರುತ್ತದೆ! ಅಗ್ಗದ ಗೋಧಿ ಹಿಟ್ಟಿಗೆ ಇದನ್ನು ಬೆರೆಸಿ ದುಬಾರಿ ಗ್ಲುಟೆನ್ ಎಂದು ಮಾರಿದ್ದರು. ಜೊತೆಗಿದ್ದ ಸಯನ್ಯೂರಿಕ್ ಆಮ್ಲದೊಂದಿಗೆ ಸೇರಿ ಅದು ಮೂತ್ರಪಿಂಡದ ನಾಳಗಳಲ್ಲಿ ಹರಳುಗಟ್ಟಿತು. ಮರುವರ್ಷ ಅದೇ ಮೆಲಮಿನ್ ಚೀನಾದ ಹಸುಗೂಸುಗಳ ಹಾಲಿನ ಪುಡಿಯಲ್ಲಿ ಸಿಕ್ಕಿತು. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು. 2019ರಲ್ಲಿ ಅಮೆರಿಕದಲ್ಲಿ ಡಬ್ಬಿ ಆಹಾರಗಳನ್ನು ಹಿಂದೆಗೆದುಕೊಂಡದ್ದು ವಿಟಮಿನ್ ಡಿ ಮಿತಿಮೀರಿದ್ದಕ್ಕೆ. ವಿಟಮಿನ್ ಮಿಶ್ರಣ ಒದಗಿಸುವವರ ಹಂತದಲ್ಲೇ ಅಳತೆ ತಪ್ಪಿತ್ತು. 2020ರ ಕೊನೆಯಲ್ಲಿ ಇನ್ನೊಂದು ಪ್ರಕರಣ: ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ವಿಪರೀತವಾಗಿದ್ದ ಆಹಾರ ತಿಂದ ನಾಯಿಗಳ ಪೈಕಿ ನೂರಕ್ಕೂ ಹೆಚ್ಚು ಸತ್ತ ವರದಿಗಳು ಎಫ್‌ಡಿಎಗೆ ಬಂದವು. ಒಂದು ಕಡೆ ಮೋಸ, ಇನ್ನೊಂದು ಕಡೆ ಅಜಾಗರೂಕತೆ, ಮತ್ತೊಂದು ಕಡೆ ಬೂಷ್ಟು. ಚೀಟಿಯನ್ನು ಎಷ್ಟು ಸಲ ಓದಿದರೂ ಇವು ಯಾವುವೂ ಕಾಣುತ್ತಿರಲಿಲ್ಲ.

ನಡವಳಿಕೆಯ ಮಾತು ಇನ್ನೂ ತೊಡಕಿನದು. ಬಣ್ಣದಿಂದ ನಾಯಿ ಹುಚ್ಚಾಟಕ್ಕಿಳಿಯುತ್ತದೆ ಎಂಬ ನಂಬಿಕೆಯ ಬೇರು ಮಕ್ಕಳ ಮೇಲಿನ ಸಂಶೋಧನೆಯಲ್ಲಿದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 2007ರಲ್ಲಿ, ಕೆಲವು ಕೃತಕ ಬಣ್ಣಗಳನ್ನೂ ಸೋಡಿಯಂ ಬೆಂಜೊಯೇಟನ್ನೂ ಬೆರೆಸಿದ ಪಾನೀಯ ಕುಡಿದ ಮಕ್ಕಳಲ್ಲಿ ಚಡಪಡಿಕೆ ತುಸು ಹೆಚ್ಚಿದ್ದನ್ನು ತೋರಿಸಿದರು. 2010ರಿಂದ ಯುರೋಪಿನಲ್ಲಿ ಆ ಬಣ್ಣಗಳಿರುವ ತಿನಿಸುಗಳ ಮೇಲೆ ಎಚ್ಚರಿಕೆ ಅಚ್ಚುಹಾಕುವುದು ಕಡ್ಡಾಯವಾಯಿತು. ಮಕ್ಕಳ ಮೇಲಿನ ಈ ಫಲಿತಾಂಶವನ್ನು ಹಾಗೆಯೇ ಎತ್ತಿ ನಾಯಿಗೆ ಹಚ್ಚಲಾಗದು. ನಾಯಿಗಳಲ್ಲಿ ಆಹಾರ ಮತ್ತು ನಡವಳಿಕೆಯ ನಂಟನ್ನು ನೇರವಾಗಿ ಪರೀಕ್ಷಿಸಿದ್ದು ಹೆಚ್ಚಾಗಿ ಪ್ರೋಟೀನ್ ಮತ್ತು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದ ವಿಚಾರದಲ್ಲಿ. 2000ರಲ್ಲಿ ಪ್ರಕಟವಾದ, 33 ನಾಯಿಗಳ ಅಮೆರಿಕನ್ ಅಧ್ಯಯನದಲ್ಲಿ ಕಡಿಮೆ ಪ್ರೋಟೀನಿನ ಆಹಾರಕ್ಕೆ ಟ್ರಿಪ್ಟೊಫಾನ್ ಸೇರಿಸಿದಾಗ ತನ್ನ ಜಾಗ ಕಾಯುವ ರೊಚ್ಚು ತಗ್ಗಿತು. 2009ರಲ್ಲಿ ನೆದರ್ಲ್ಯಾಂಡ್ಸ್‌ನವರು ಅಂಜುಬುರುಕ ನಾಯಿಗಳಿಗೆ ಅದನ್ನೇ ಕೊಟ್ಟಾಗ ರಕ್ತದಲ್ಲಿ ಟ್ರಿಪ್ಟೊಫಾನ್ ಏರಿತು, ನಡವಳಿಕೆ ಬದಲಾಗಲಿಲ್ಲ.

ಇಲ್ಲಿ ಒಂದು ಆಕ್ಷೇಪ ಸಹಜ: ಆಹಾರ ಬದಲಿಸಿದ ಮೇಲೆ ನಾಯಿ ಶಾಂತವಾಯಿತೆಂದು ಎಷ್ಟೋ ಜನ ಹೇಳುತ್ತಾರಲ್ಲ? ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆಹಾರ ಬದಲಾದಾಗ ಬಣ್ಣವೊಂದೇ ಬದಲಾಗುವುದಿಲ್ಲ. ಮಾಂಸ, ಧಾನ್ಯ, ಕೊಬ್ಬು ಎಲ್ಲವೂ ಬದಲಾಗುತ್ತವೆ. ಅಲರ್ಜಿಯಿಂದ ಹಗಲಿರುಳು ಕೆರೆಯುವ ನಾಯಿ ಸಿಡುಕುವುದು ಸಹಜ. ಚರ್ಮದ ಮೇಲೆ ಆಹಾರದ ಅಲರ್ಜಿ ತೋರಿದ 297 ನಾಯಿಗಳ ವರದಿಗಳನ್ನು ಒಟ್ಟುಹಾಕಿದ 2016ರ ಸಮೀಕ್ಷೆಯಲ್ಲಿ ದನದ ಮಾಂಸಕ್ಕೆ ಶೇ. 34, ಹಾಲಿನ ಪದಾರ್ಥಕ್ಕೆ ಶೇ. 17, ಕೋಳಿಗೆ ಶೇ. 15, ಗೋಧಿಗೆ ಶೇ. 13 ನಾಯಿಗಳು ಒಗ್ಗದೆ ಹೋಗಿದ್ದವು. ಕೆರೆತಕ್ಕೆ ಕಾರಣ ಹುಡುಕುವವರು ಮೊದಲು ನೋಡಬೇಕಾದದ್ದು ಈ ಮುಖ್ಯ ಪದಾರ್ಥಗಳನ್ನು.

ಎರಡನೇ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಪುರಾವೆ ಸಿಕ್ಕಿಲ್ಲವೆಂದ ಮಾತ್ರಕ್ಕೆ ಹಾನಿಯಿಲ್ಲ ಎನ್ನಲಾದೀತೆ? ನಾವು ದಿನಕ್ಕೊಂದು ಅಡುಗೆ ಉಣ್ಣುತ್ತೇವೆ, ನಾಯಿ ವರ್ಷಾನುಗಟ್ಟಲೆ ಒಂದೇ ಕಾಳು ತಿನ್ನುತ್ತದೆ. ಅಮೆರಿಕದಲ್ಲಿ ವಯಸ್ಕ ನಾಯಿಯ ಆಹಾರಕ್ಕೆ ನಡೆಸುವ ತಿನ್ನಿಸಿ ನೋಡುವ ಪರೀಕ್ಷೆಗೆ ಎಂಟು ನಾಯಿ, 26 ವಾರ ಸಾಕು. ಹತ್ತು ಹನ್ನೆರಡು ವರ್ಷ ಬಾಳುವ ಪ್ರಾಣಿಗೆ ಆರು ತಿಂಗಳ ಪರೀಕ್ಷೆ ಕಡಿಮೆಯೇ. ಈ ಮಾತನ್ನು ಒಪ್ಪಲೇಬೇಕು. ಒಪ್ಪಿದ ಮೇಲೆ ಉಳಿಯುವ ನಿಯಮ ಸರಳ: ನಾಯಿಗೆ ಉಪಯೋಗವಿಲ್ಲದ ಸೇರ್ಪಡೆಗೆ ಸಣ್ಣ ಅಪಾಯವನ್ನೂ ಸಹಿಸಬೇಕಿಲ್ಲ. ಬಣ್ಣ ಈ ಸಾಲಿಗೆ ಸೇರುತ್ತದೆ. ನಾಯಿಯ ಕಣ್ಣಿಗೆ ನೀಲಿ, ಹಳದಿ ತಿಳಿಯುತ್ತವೆ, ಕೆಂಪು ಕೆಂಪಾಗಿ ಕಾಣುವುದಿಲ್ಲ. ಮಾಂಸದಂತೆ ತೋರಲೆಂದು ಕಾಳಿಗೆ ಬಳಿಯುವ ಕೆಂಪು, ಕೊಳ್ಳುವವರ ಕಣ್ಣಿಗೆ ಬಳಿದದ್ದು.

ಹಾಗಾದರೆ ಅಂಗಡಿಯದನ್ನೇ ಬಿಟ್ಟು ಮನೆಯಲ್ಲೇ ಬೇಯಿಸಿ ಹಾಕಿದರಾಯಿತಲ್ಲ ಎನ್ನಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2013ರಲ್ಲಿ ಮನೆ ಅಡುಗೆಯ 200 ಪಾಕವಿಧಾನಗಳನ್ನು ಲೆಕ್ಕಹಾಕಿದಾಗ ಶೇ. 95ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶದ ಕೊರತೆಯಿತ್ತು. ನಮ್ಮಲ್ಲಿ ನಾಯಿಗೆ ಹಾಕುವ ಸಾರನ್ನದಲ್ಲಿ ಕ್ಯಾಲ್ಸಿಯಂ ಕಡಿಮೆ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ನೈಸರ್ಗಿಕ ಎಂಬ ಪದವೂ ಭರವಸೆ ಕೊಡುವುದಿಲ್ಲ, ಅಫ್ಲಟಾಕ್ಸಿನ್ ಅಪ್ಪಟ ನೈಸರ್ಗಿಕ.

ನಮ್ಮ ದೇಶದ 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಆಹಾರವೆಂದರೆ ಮನುಷ್ಯರು ತಿನ್ನಲೆಂದು ಇರುವುದು; ಪ್ರಾಣಿಗಳ ಮೇವು ಅದರ ಹೊರಗೆ. ಆದ್ದರಿಂದ ಕೊಳ್ಳುವವರ ಎಚ್ಚರಕ್ಕೆ ಇಲ್ಲಿ ಬೆಲೆ ಹೆಚ್ಚು. ಬಣ್ಣ ಹಾಕಿದ್ದನ್ನು ಕೊಳ್ಳಬೇಡಿ. ತಯಾರಾದ ದಿನಾಂಕ ನೋಡಿ, ಒಂದು ತಿಂಗಳಲ್ಲಿ ಮುಗಿಯುವಷ್ಟನ್ನೇ ತನ್ನಿ. ಮಳೆಗಾಲದಲ್ಲಿ ಮೂಟೆಯ ಬಾಯಿ ಬಿಗಿದು ಒಣ ಜಾಗದಲ್ಲಿಡಿ, ಕಮಟು ಅಥವಾ ಮುಗ್ಗಲು ವಾಸನೆ ಬಂದರೆ ಎಸೆಯಿರಿ. ಬ್ಯಾಚ್ ಸಂಖ್ಯೆಯಿರುವ ಪ್ಯಾಕೆಟ್ಟನ್ನು ಆಹಾರ ಮುಗಿಯುವವರೆಗೂ ಇಟ್ಟುಕೊಳ್ಳಿ. ಚೆನ್ನಾಗಿ ತಿನ್ನುತ್ತಿದ್ದ ನಾಯಿ ಒಮ್ಮೆಗೇ ಬಟ್ಟಲು ಬಿಟ್ಟರೆ, ವಾಂತಿ ಮಾಡಿದರೆ, ವಿಪರೀತ ನೀರು ಕುಡಿದರೆ, ವಸಡು ಹಳದಿಯಾದರೆ ಆ ಆಹಾರ ನಿಲ್ಲಿಸಿ, ಪ್ಯಾಕೆಟ್ ಸಮೇತ ಪಶುವೈದ್ಯರ ಬಳಿಗೆ ಹೋಗಿ.