ಅರ್ಥವಾಗದ ಮಾತಿಗೆ ಅರ್ಥವೇನು?

ಲೋಕಲ್ ಗಾಡಿಯಲ್ಲಿ ದಿನಾ ಹತ್ತು ಭಾಷೆ ಕೇಳುವ ನಮಗೆ, ಮುಂಬಯಿ ಕನ್ನಡಿಗರಿಗೆ, ಪರಭಾಷೆ ಹೊಸತೇನಲ್ಲ. ಆದರೆ ಆಡುವವರಿಗೇ ತಿಳಿಯದ ಮಾತು ಅಂದರೆ? ಕೆಲವು ಕ್ರೈಸ್ತ ಪ್ರಾರ್ಥನಾಕೂಟಗಳಲ್ಲಿ ಇದನ್ನು ‘ಅನ್ಯಭಾಷೆ’ ಎನ್ನುತ್ತಾರೆ. ಪವಿತ್ರಾತ್ಮನ ವರವೆಂದು ನಂಬುತ್ತಾರೆ. ಹೊರಗಿನವರು ನಕ್ಕುಬಿಡುವುದುಂಟು. ನಗುವ ಮುಂಚೆ ಸ್ವಲ್ಪ ತಿಳಿಯೋಣ.

ಬೈಬಲಿನಲ್ಲಿ ಇದಕ್ಕೆ ಎರಡು ಮುಖ. ಪಂಚಾಶತ್ತಮ ದಿನ ಜೆರೂಸಲೇಮಿನಲ್ಲಿ ಶಿಷ್ಯರು ಆಡಿದ್ದು ನಾನಾ ದೇಶದವರಿಗೆ ಅವರವರ ನುಡಿಯಲ್ಲೇ ಕೇಳಿಸಿತಂತೆ. ಕೊರಿಂಥದ ಸಭೆಯಲ್ಲಿ ಹಾಗಲ್ಲ. ಅಲ್ಲಿ ಅರ್ಥ ಹೇಳುವವರು ಬೇಕು. ಇಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿದ್ದು ದೇವರೊಡನೆ ಆಡಿಕೊಳ್ಳಬೇಕೆಂದು ಪೌಲನ ಸಲಹೆ. ಆದರೆ ತಡೆಯಬಾರದೆಂದೂ ಅವನು ಹೇಳಿದ.

ನಮಗೆ ಹತ್ತಿರದ ಉದಾಹರಣೆ ಪಂಡಿತಾ ರಮಾಬಾಯಿ. 1858ರಲ್ಲಿ ಕರ್ನಾಟಕದ ಗಂಗಾಮೂಲದಲ್ಲಿ ಹುಟ್ಟಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದವರು. ಆಮೇಲೆ ಪುಣೆ ಜಿಲ್ಲೆಯ ಕೇಡಗಾಂವದಲ್ಲಿ ಅವರು ಕಟ್ಟಿದ ಮುಕ್ತಿ ಆಶ್ರಮದಲ್ಲಿ 1905ರಲ್ಲಿ ಪ್ರಾರ್ಥನೆಯ ಅಲೆಯೆದ್ದಿತು. ಮುಂದೆ ಅನ್ಯಭಾಷೆಯೂ ಬಂತು. ಇಂಗ್ಲಿಷ್ ಬಾರದ ಹುಡುಗಿ ಇಂಗ್ಲಿಷಿನಲ್ಲಿ ಪ್ರಾರ್ಥಿಸಿದ್ದನ್ನು ಕೇಳಿದೆನೆಂದು ರಮಾಬಾಯಿಯವರೇ ಬರೆದರು. ಟೀಕೆಗಳೆದುರು ಆ ಹೆಣ್ಣುಮಕ್ಕಳನ್ನು ಬಿಟ್ಟುಕೊಡಲಿಲ್ಲ.

ಅದೇ ರಮಾಬಾಯಿ ಹಿಬ್ರೂ, ಗ್ರೀಕ್ ಕಲಿತು ಬೈಬಲನ್ನು ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಗೆ ತರಲು ವರ್ಷಗಟ್ಟಲೆ ದುಡಿದರು. 1922ರಲ್ಲಿ ತೀರಿಕೊಳ್ಳುವ ತನಕ ಅದೇ ಕೆಲಸ. ಭಾಷೆ ಓದುವ ನನಗೆ ಇವೆರಡೂ ಒಟ್ಟಿಗೇ ಕಾಣುತ್ತವೆ. ಪ್ರಾರ್ಥಿಸುವವರ ಮಾತು ಅರ್ಥ ಮೀರಿದರೆ ಮೀರಲಿ, ಅದು ಅವರಿಗೂ ದೇವರಿಗೂ ಬಿಟ್ಟದ್ದು. ನಾಲ್ಕು ಜನರಿಗೆ ಹೇಳುವ ಮಾತು ಮಾತ್ರ ಅವರಿಗೆ ತಿಳಿಯಲೇಬೇಕು. ನಂಬಿಕೆಯಿಲ್ಲದವರೂ ಇದನ್ನು ಒಪ್ಪಬಹುದಲ್ಲವೆ?