ನೊಂದ ಮನಸ್ಸಿಗೆ ಗ್ರಂಥದ ನೆರವು

ಮನೆಯಲ್ಲಿ ಒಬ್ಬರಿಗೆ ಮನಸ್ಸಿನ ಬೇನೆ ಬಂದಿತೆಂದರೆ ನಮ್ಮ ಹಿರಿಯರು ಮೊದಲು ತೆರೆಯುವುದು ಪುಸ್ತಕದ ಬೀರುವನ್ನು. ಭಗವದ್ಗೀತೆಯೋ, ದಾಸರ ಪದಗಳೋ, ಶರಣರ ವಚನಗಳೋ, 1943ರಲ್ಲಿ ಹೊರಬಂದ ಡಿ. ವಿ. ಗುಂಡಪ್ಪನವರ 'ಮಂಕುತಿಮ್ಮನ ಕಗ್ಗ'ವೋ, ಆ ಮನೆಯ ಸಂಪ್ರದಾಯಕ್ಕೆ ತಕ್ಕ ಒಂದು ಗ್ರಂಥವು ರೋಗಿಯ ಕೈಸೇರುತ್ತದೆ. "ಇದನ್ನು ಓದು, ಸಮಾಧಾನವಾಗುತ್ತದೆ" ಎಂಬ ಮಾತೂ ಅದರೊಡನೆ ಬರುತ್ತದೆ. ಈ ಪದ್ಧತಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಗೀತೆಯ ಮೊದಲನೆಯ ಅಧ್ಯಾಯಕ್ಕೇ ಅರ್ಜುನವಿಷಾದಯೋಗವೆಂದು ಹೆಸರಿರುವಾಗ, ಕುಗ್ಗಿದ ಮನಸ್ಸಿಗೂ ಸದ್ಗ್ರಂಥಕ್ಕೂ ಸಂಬಂಧವಿಲ್ಲವೆಂದು ಯಾರು ತಾನೆ ಹೇಳಿಯಾರು? ಆದರೆ ಎಂಟು ದಿನ ಕಳೆದ ಮೇಲೆ ಅದೇ ಹಿರಿಯರು, "ಇಷ್ಟು ಓದಿದರೂ ನಿನಗೆ ಧೈರ್ಯ ಬರಲಿಲ್ಲವೇ?" ಎಂದು ಕೇಳುವುದೂ ಉಂಟು. ಆಗ ಊರುಗೋಲಾಗಬೇಕಾದ ಗ್ರಂಥವು ಬೆತ್ತವಾಗುತ್ತದೆ. ತಾನು ನಿಷ್ಪ್ರಯೋಜಕನೆಂದು ಮೊದಲೇ ನಂಬಿರುವ ರೋಗಿಯು, ದೇವರ ಮಾತೂ ತನ್ನನ್ನು ಮುಟ್ಟಲಿಲ್ಲವೆಂಬ ಇನ್ನೊಂದು ಭಾರವನ್ನು ಹೊರುತ್ತಾನೆ.

ಗ್ರಂಥವು ಯಾವಾಗ ಆಸರೆಯಾಗುತ್ತದೆ, ಯಾವಾಗ ಆಗುವುದಿಲ್ಲ ಎಂಬುದನ್ನು ಅರಿಯಲು ಆಂಗ್ಲ ಕವಿ ವಿಲಿಯಂ ಕೂಪರನ (1731–1800) ಜೀವನಕ್ಕಿಂತ ಒಳ್ಳೆಯ ನಿದರ್ಶನವು ದೊರೆಯುವುದು ಕಷ್ಟ. ಆರು ವರ್ಷದ ಬಾಲಕನಾಗಿದ್ದಾಗಲೇ ಆತನು ತಾಯಿಯನ್ನು ಕಳೆದುಕೊಂಡನು. ಲಂಡನ್ನಿನಲ್ಲಿ ನ್ಯಾಯಶಾಸ್ತ್ರವನ್ನು ಕಲಿಯುತ್ತಿದ್ದ ತಾರುಣ್ಯದಲ್ಲಿ ವಿಷಾದವು ಆತನನ್ನು ಕವಿಯಿತು. ಆಗ ಹಿಂದಿನ ಶತಮಾನದ ಭಕ್ತಕವಿ ಜಾರ್ಜ್ ಹರ್ಬರ್ಟನ ಕವಿತೆಗಳು ಆತನ ಕೈಗೆ ಬಂದವು. ರೋಗವು ನೀಗಲಿಲ್ಲ, ಆದರೆ ಅವನ್ನು ಓದುತ್ತಿರುವಷ್ಟು ಹೊತ್ತು ಬೇರೆಲ್ಲಿಯೂ ಕಾಣದ ಉಪಶಮನವು ದೊರೆಯುತ್ತಿತ್ತೆಂದು ಆತನೇ ಬರೆದಿಟ್ಟಿದ್ದಾನೆ. ಹತ್ತಿರದ ಬಂಧುವೊಬ್ಬರು, ಇಂತಹ ಓದಿನಿಂದ ವಿಷಾದವು ಹೆಚ್ಚೀತೆಂದು ಹೇಳಿ ಆ ಪುಸ್ತಕವನ್ನು ಬದಿಗಿಡಿಸಿದರು. ರೋಗಿಯ ಹಿತವನ್ನು ರೋಗಿಯನ್ನು ಕೇಳದೆಯೇ ನಿರ್ಣಯಿಸುವ ನೆಂಟರು ಎಲ್ಲ ದೇಶಗಳಲ್ಲಿಯೂ ಇದ್ದಾರೆಂದು ತೋರುತ್ತದೆ!

1763ರಲ್ಲಿ ಪಾರ್ಲಿಮೆಂಟಿನ ಪ್ರಭುಸಭೆಯಲ್ಲಿ ಕೂಪರನಿಗೆ ಒಂದು ಉದ್ಯೋಗವು ಗೊತ್ತಾಯಿತು. ಅದಕ್ಕಾಗಿ ಸಭೆಯ ಮುಂದೆ ನಿಂತು ಪರೀಕ್ಷೆಯನ್ನು ಕೊಡಬೇಕಾಗಿತ್ತು. ಆ ಭಯದಲ್ಲಿ ಬುದ್ಧಿಯು ಕದಡಿ, ಆತನು ಪ್ರಾಣವನ್ನೇ ಕಳೆದುಕೊಳ್ಳಲು ಯತ್ನಿಸಿದನು. ಬಂಧುಗಳು ಆತನನ್ನು ಸೇಂಟ್ ಆಲ್ಬನ್ಸ್ ಎಂಬ ಊರಿನಲ್ಲಿ ನಥಾನಿಯಲ್ ಕಾಟನ್ ಎಂಬ ವೈದ್ಯನು ನಡೆಸುತ್ತಿದ್ದ ಚಿಕಿತ್ಸಾಗೃಹಕ್ಕೆ ಕಳುಹಿಸಿದರು. ಕಾಟನನು ಸ್ವತಃ ಕವಿ, ದಯಾಳು. 1764ರ ಬೇಸಗೆಯಲ್ಲಿ ಒಂದು ದಿನ ಅಲ್ಲಿಯ ತೋಟದ ಬೆಂಚಿನ ಮೇಲೆ ಒಂದು ಬೈಬಲ್ ಪುಸ್ತಕವು ಕೂಪರನ ಕಣ್ಣಿಗೆ ಬಿದ್ದಿತು. ತೆರೆದ ಪುಟದಲ್ಲಿ ಸತ್ತ ಲಾಜರನನ್ನು ಕ್ರಿಸ್ತನು ಎಬ್ಬಿಸಿದ ಕಥೆಯಿತ್ತು. ಅದನ್ನು ಓದುತ್ತ ಆತನ ಹೃದಯವು ಕರಗಿತು. ಚೇತರಿಕೆಯು ಅಲ್ಲಿಂದ ಬೆಳೆಯಿತು. ಈ ಪ್ರಸಂಗವನ್ನು ಹೇಳುವವರು ಬೆಂಚಿನ ಮೇಲಿನ ಪುಸ್ತಕವನ್ನು ಸ್ಮರಿಸುತ್ತಾರೆ. ಅದಕ್ಕೆ ಮುಂಚೆ ನಡೆದ ಹಲವು ತಿಂಗಳ ಆರೈಕೆಯನ್ನು ಮರೆತುಬಿಡುತ್ತಾರೆ. ಮಳೆ ಬಿದ್ದು ಹದವಾಗಿದ್ದ ನೆಲಕ್ಕೆ ಬೀಜವು ಬಿದ್ದಿತ್ತೆಂಬುದನ್ನು ನಾವು ಗಮನಿಸಬೇಕು.

ಕಥೆಯು ಇಲ್ಲಿಗೇ ಮುಗಿದಿದ್ದರೆ ಉಪದೇಶಕರಿಗೆ ಅನುಕೂಲವಾಗುತ್ತಿತ್ತು. 1773ರಲ್ಲಿ ರೋಗವು ಮರುಕಳಿಸಿತು. ದೇವರು ತನ್ನೊಬ್ಬನನ್ನು ಮಾತ್ರ ಶಾಶ್ವತವಾಗಿ ತಳ್ಳಿಬಿಟ್ಟನೆಂಬ ಭ್ರಮೆಯು ಆತನಲ್ಲಿ ಬೇರೂರಿತು. ಒಮ್ಮೆ ಎತ್ತಿ ನಿಲ್ಲಿಸಿದ ಶಾಸ್ತ್ರಗ್ರಂಥವು ಈಗ ಆತನ ಪಾಲಿಗೆ ಮುಚ್ಚಿದ ಬಾಗಿಲಾಯಿತು. ಆದರೂ ಆತನು ಇನ್ನೂ ಇಪ್ಪತ್ತೇಳು ವರ್ಷ ಬದುಕಿದನು. ಮೇರಿ ಅನ್ವಿನ್ ಎಂಬ ಸಾಧ್ವಿಯು ಆತನನ್ನು ಮಗುವಿನಂತೆ ನೋಡಿಕೊಂಡಳು. ಆತನು ಮೂರು ಮೊಲಗಳನ್ನು ಸಾಕಿದನು, ಮರಗೆಲಸ ಮಾಡಿದನು, ತೋಟದಲ್ಲಿ ದುಡಿದನು; 1785ರಲ್ಲಿ 'ದಿ ಟಾಸ್ಕ್' ಎಂಬ ದೀರ್ಘಕಾವ್ಯವನ್ನು ಪ್ರಕಟಿಸಿದನು; 1791ರಲ್ಲಿ ಹೋಮರನ ಕಾವ್ಯಗಳ ಅನುವಾದವನ್ನು ಹೊರತಂದನು. ಸಾಯಂಕಾಲ ಹೆಂಗಸರು ಹೊಲಿಗೆ ಹಾಕುತ್ತಿರುವಾಗ ಆತನು ಗಟ್ಟಿಯಾಗಿ ಓದಿ ಹೇಳುತ್ತಿದ್ದನು. ದೂರದ ಸಮುದ್ರಗಳ ಯಾತ್ರಾಕಥನಗಳೆಂದರೆ ಆತನಿಗೆ ಪ್ರೀತಿ. ತಾನು ಮುಳುಗಿದವನೆಂದು ನಂಬಿದ್ದವನನ್ನು ಇಂತಹ ಸಾಮಾನ್ಯ ಸಂಜೆಗಳು ಎಷ್ಟೋ ಕಾಲ ತೇಲಿಸಿದವು.

ಇನ್ನೊಬ್ಬನ ಅನುಭವವನ್ನು ಸಂಕ್ಷೇಪವಾಗಿ ಹೇಳುವೆವು. ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ಲನು ಮೂರನೆಯ ವರ್ಷದಲ್ಲಿಯೇ ಗ್ರೀಕ್ ಭಾಷೆಯನ್ನು ಕಲಿಯತೊಡಗಿದವನು. 1826ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಆತನಿಗೆ ಬಾಳೆಲ್ಲ ಬರಿದಾಗಿ ಕಂಡಿತು. ಮೆಚ್ಚಿನ ಗ್ರಂಥಗಳನ್ನೇ ತೆರೆದನು, ಅವು ನೀರಸವಾಗಿದ್ದವು. ಕೆಲವು ತಿಂಗಳ ಮೇಲೆ ಮಾರ್ಮೊಂಟೆಲ್ ಎಂಬ ಫ್ರೆಂಚ್ ಲೇಖಕನ ಆತ್ಮಕಥೆಯನ್ನು ಅಕಸ್ಮಾತ್ತಾಗಿ ಓದುತ್ತಿದ್ದನು. ತಂದೆ ಸತ್ತ ಮನೆಯಲ್ಲಿ ಚಿಕ್ಕ ಹುಡುಗನೊಬ್ಬನು, ಇನ್ನು ನಿಮಗೆಲ್ಲ ನಾನಿದ್ದೇನೆಂದು ನಿಲ್ಲುವ ಸನ್ನಿವೇಶವು ಬಂದಿತು. ಮಿಲ್ಲನ ಕಣ್ಣಲ್ಲಿ ನೀರು ತುಂಬಿತು; ಅಂದಿನಿಂದ ಹೊರೆಯು ಹಗುರವಾಯಿತು. ಬೈರನ್ನನ ಕಾವ್ಯವನ್ನೂ ಆತನು ಓದಿ ನೋಡಿದ್ದನು. ಆ ಕವಿಯ ಮನಃಸ್ಥಿತಿಯೂ ತನ್ನದರಂತೆಯೇ ಇದ್ದುದರಿಂದ ಪ್ರಯೋಜನವಾಗಲಿಲ್ಲ. 1828ರಲ್ಲಿ ಓದಿದ ವರ್ಡ್ಸ್‌ವರ್ತನ ಕವಿತೆಗಳು ಆತನಿಗೆ ಔಷಧದಂತೆ ಒಗ್ಗಿದವು. ಮಾರ್ಮೊಂಟೆಲನ ಪುಸ್ತಕವು ಧರ್ಮಗ್ರಂಥವಲ್ಲ, ಯಾರೂ ವಿಧಿಸಿದುದೂ ಅಲ್ಲ ಎಂಬುದು ವಾಚಕರ ಲಕ್ಷ್ಯದಲ್ಲಿರಲಿ.

ನಮ್ಮ ಮನೆಗಳ ವಿಷಯಕ್ಕೆ ಬರೋಣ. ತೀವ್ರ ಖಿನ್ನತೆಯಲ್ಲಿ ಏಕಾಗ್ರತೆಯು ಕುಗ್ಗುತ್ತದೆ. ಒಂದೇ ಸಾಲನ್ನು ನಾಲ್ಕು ಸಾರಿ ಓದಿದರೂ ಅರ್ಥವು ನಿಲ್ಲುವುದಿಲ್ಲ. ಇದು ಸೋಮಾರಿತನವಲ್ಲ, ರೋಗದ ಲಕ್ಷಣ. ಅಂತಹವರ ಕೈಗೆ ದಪ್ಪ ಗ್ರಂಥವನ್ನು ಕೊಡುವುದು, ಕಾಲು ಮುರಿದವನನ್ನು ಬೆಟ್ಟ ಹತ್ತೆಂದಂತೆ. ಶಾಸ್ತ್ರವಾಕ್ಯಗಳಲ್ಲಿ ತನಗೇ ಗುಪ್ತವಾದ ಆಜ್ಞೆ ಬಂದಿದೆಯೆಂದೋ, ಶಾಪವಿದೆಯೆಂದೋ ರೋಗಿಯು ಹೇಳತೊಡಗಿದರೆ, ಪುಸ್ತಕದ ಮಾತನ್ನು ಬಿಟ್ಟು ವೈದ್ಯರಿಗೆ ತಿಳಿಸಬೇಕು. ಓದಿನಿಂದ ನೆಮ್ಮದಿಯಾಯಿತೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸಲೂ ಕೂಡದು. ಕೂಪರನ ಕಾಲದಲ್ಲಿ ಇಲ್ಲದಿದ್ದ ಔಷಧಗಳು ಇಂದು ಇವೆ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಅಲ್ಲಿಯ ಹಳೆಯ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. 2022ರಲ್ಲಿ ಸರ್ಕಾರವು ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿ, ಹಗಲಿರುಳೆನ್ನದೆ, ಕನ್ನಡದಲ್ಲಿಯೇ ಸಲಹೆ ಕೇಳಬಹುದು.

ಚಿಕಿತ್ಸೆಯ ಜೊತೆಗೆ ಓದೂ ನಡೆಯಲಿ. ನಮ್ಮಲ್ಲಿ ಗಮಕದ ಪದ್ಧತಿಯಿದೆ. ಒಬ್ಬರು ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ರಾಗವಾಗಿ ಓದಿದರೆ ಕೇಳುವವರು ಕಣ್ಣನ್ನು ದಣಿಸಬೇಕಾಗಿಲ್ಲ, ಅರ್ಥ ಹೇಳೆಂದು ಯಾರೂ ಪ್ರಶ್ನಿಸುವುದೂ ಇಲ್ಲ. ಯಾವ ಪುಸ್ತಕವಾಗಬೇಕೆಂದು ರೋಗಿಯನ್ನೇ ಕೇಳಬಹುದು. ಹಾಸ್ಯದ ಪುಸ್ತಕವನ್ನು ಬಯಸಿದರೆ ಅದೇ ಆಗಲಿ. ಮನೆಯವರು ಹೂ ಕಟ್ಟುತ್ತಲೋ ಅಕ್ಕಿ ಆರಿಸುತ್ತಲೋ ಕುಳಿತಿರಬಹುದು. ಹತ್ತು ನಿಮಿಷದ ಮೇಲೆ ರೋಗಿಯು ಎದ್ದು ಒಳಗೆ ಹೋದರೆ ಕೂಗಿ ಕರೆಯುವುದು ಬೇಡ. ಧ್ವನಿಯನ್ನು ತುಸು ಏರಿಸಿ ಓದುತ್ತಿದ್ದರೆ ಒಳಕೋಣೆಗೂ ಕೇಳಿಸುತ್ತದೆ.